ಅವರವರ ಹೆಸರಿನಲ್ಲೇ ಓಡಲಿ

ಪವೈಯ ಐಐಟಿಯಲ್ಲಿ ಕಂಪ್ಯೂಟರ್ ವಿಜ್ಞಾನ ಕಲಿಸುವವರ ಜಾಲಪುಟದ ವಿಳಾಸಗಳಲ್ಲಿ ಟಿಲ್ಡೆ ಚಿಹ್ನೆಯೂ ಅದರ ಬೆನ್ನಿಗೆ ಬಳಕೆದಾರರ ಹೆಸರೂ ಕಾಣುತ್ತವೆ. ಬಳಕೆದಾರರ ಹೋಮ್ ಡೈರೆಕ್ಟರಿಯಲ್ಲಿರುವ ಪಬ್ಲಿಕ್_ಎಚ್‌ಟಿಎಂಎಲ್ ಫೋಲ್ಡರನ್ನು ಸರ್ವರ್ ಜಗತ್ತಿಗೆ ತೆರೆದಿಡುವ ಹಳೆಯ ಪದ್ಧತಿಯ ಗುರುತು ಅದು. ಎನ್‌ಸಿಎಸ್‌ಎ ಸರ್ವರಿನಿಂದ ಬಂದ ಈ ಸೌಲಭ್ಯವನ್ನು 1995ರಲ್ಲಿ ಹುಟ್ಟಿದ ಅಪಾಚೆ ಇಂದಿಗೂ ಯೂಸರ್‌ಡಿರ್ ಎಂಬ ಹೆಸರಿನಲ್ಲಿ ಉಳಿಸಿಕೊಂಡಿದೆ.

ಠಾಣೆಯ ವರ್ತಕ ನಗರದಿಂದ ಡೊಂಬಿವಲಿ, ಕಲ್ಯಾಣದವರೆಗೆ ಐಟಿ ಓದುವ ನಮ್ಮ ಮಕ್ಕಳಿಗೆ ಇದನ್ನು ಲ್ಯಾಬಿನಲ್ಲಿ ಕಲಿಸಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಬರೀ ಪುಟ ತೋರಿಸಿದರೆ ಸಾಲದು, ಆ ಫೋಲ್ಡರಿನಲ್ಲಿ ಅವರು ಬರೆದ ಸಿಜಿಐ ಸ್ಕ್ರಿಪ್ಟ್, ಅಂದರೆ ಸರ್ವರ್ ಓಡಿಸಿ ಅದರ ಉತ್ತರವನ್ನೇ ಪುಟವಾಗಿ ಕಳಿಸುವ ಕಾರ್ಯಕ್ರಮ, ಓಡಬೇಕು. ಕಡತ ಯಾರದು, ಓದುವವರು ಯಾರು, ಓಡಿಸುವವರು ಯಾರು ಎಂಬ ಯುನಿಕ್ಸ್‌ನ ಮೂಲ ಪ್ರಶ್ನೆಗಳು ಇಲ್ಲಿ ಮೊದಲ ದಿನವೇ ಎದುರಾಗುತ್ತವೆ.

ಅಪಾಯವೂ ಇಲ್ಲೇ ಇದೆ. ಸ್ಕ್ರಿಪ್ಟ್ ಓಡಲು ಸುಮ್ಮನೆ ಅನುಮತಿ ಕೊಟ್ಟರೆ ಎಲ್ಲರ ಸ್ಕ್ರಿಪ್ಟೂ ಸರ್ವರಿನ ಒಂದೇ ಖಾತೆಯಲ್ಲಿ ಓಡುತ್ತದೆ. ಸರ್ವರಿಗೆ ಓದಲು ಬಿಟ್ಟ ಡೇಟಾಬೇಸ್ ಪಾಸ್‌ವರ್ಡನ್ನು ಪಕ್ಕದ ಹುಡುಗನ ಸ್ಕ್ರಿಪ್ಟೂ ಓದಬಲ್ಲದು. 1997ರ ಅಪಾಚೆ 1.2ರಲ್ಲಿ ಬಂದ ಸುಎಕ್ಸೆಕ್ ಇದಕ್ಕೆ ಉತ್ತರ. ಅದು ಸ್ಕ್ರಿಪ್ಟನ್ನು ಅದರ ಒಡೆಯರ ಖಾತೆಯಲ್ಲೇ ಓಡಿಸುತ್ತದೆ, ಅದಕ್ಕೂ ಮೊದಲು ಇಪ್ಪತ್ತರಷ್ಟು ತಪಾಸಣೆ ಮಾಡುತ್ತದೆ. ಕಡತದ ಅನುಮತಿಯ ಸಂಖ್ಯೆಗಳಲ್ಲಿ ಹೇಳುವುದಾದರೆ, ಹೋಮ್ ಡೈರೆಕ್ಟರಿಗೆ 711, ಒಳಗಿನ ಫೋಲ್ಡರಿಗೂ ಸ್ಕ್ರಿಪ್ಟಿಗೂ 755 ಇಟ್ಟರೆ ಕೆಲಸ ಸಾಗುತ್ತದೆ. ಏನೂ ತೋಚದೆ ಎಲ್ಲರಿಗೂ ಬರೆಯುವ ಹಕ್ಕು ಕೊಡುವ 777 ಇಟ್ಟಿರೋ, ಸುಎಕ್ಸೆಕ್ ಒಪ್ಪುವುದಿಲ್ಲ. ಗುಂಪಿಗೆ ಬರೆಯುವ ಹಕ್ಕು ಕೊಡುವ 775 ಕೂಡ ಅದಕ್ಕೆ ಆಗದು. ಹಲವರಿಗೆ ಇದು ಕಿರಿಕಿರಿ, ನನಗೆ ಇದೇ ಅದರ ದೊಡ್ಡ ಗುಣ. 2014ರ ಶೆಲ್‌ಶಾಕ್ ದೋಷದಲ್ಲಿ ಬ್ಯಾಶ್ ಶೆಲ್ಲನ್ನು ಮುಟ್ಟುವ ಸಿಜಿಐ ಸ್ಕ್ರಿಪ್ಟುಗಳ ಮೂಲಕ ಹೊರಗಿನವರು ಆಜ್ಞೆ ನುಗ್ಗಿಸಬಹುದಾಗಿತ್ತು. ಸುಎಕ್ಸೆಕ್ ಅದನ್ನು ತಡೆಯಲಿಲ್ಲ ನಿಜ, ಆದರೆ ನುಗ್ಗಿದವರ ಕೈಗೆ ಸಿಗುತ್ತಿದ್ದದ್ದು ಆ ಸ್ಕ್ರಿಪ್ಟಿನ ಒಡೆಯರೊಬ್ಬರ ಹಕ್ಕು ಮಾತ್ರ.

ನನ್ನ ತಕರಾರು ಇರುವುದು ಸುಎಕ್ಸೆಕ್ ಆಡುವ ಮಾತಿನ ಬಗ್ಗೆ. ತಪಾಸಣೆಯಲ್ಲಿ ಸೋತ ವಿದ್ಯಾರ್ಥಿಗೆ ಕಾಣುವುದು 500 ಎಂಬ ಸಂಖ್ಯೆ, ಜೊತೆಗೆ 'ಇಂಟರ್ನಲ್ ಸರ್ವರ್ ಎರರ್'. ಫೋಲ್ಡರಿಗೆ ಬೇರೆಯವರು ಬರೆಯಬಹುದು ಎಂಬ ನಿಜವಾದ ಕಾರಣ ಸುಎಕ್ಸೆಕ್ ಲಾಗಿನಲ್ಲಿ ಸ್ಪಷ್ಟವಾಗಿ ದಾಖಲಾಗಿರುತ್ತದೆ. ಆದರೆ ಆ ಲಾಗು ಸಾಮಾನ್ಯವಾಗಿ ಅಡ್ಮಿನ್ ಕೈಯಲ್ಲೇ ಇರುತ್ತದೆ. ಕಲಿಯಬೇಕಾದವರಿಗೇ ಪಾಠ ಕಾಣದ ಏರ್ಪಾಡು ಇದು. ಸುಎಕ್ಸೆಕ್‌ನ ಮುಖ್ಯ ಮಿತಿಗಳೆಲ್ಲ ಕಂಪೈಲ್ ಮಾಡುವಾಗಲೇ ಗಟ್ಟಿಯಾಗುವುದು ಇನ್ನೊಂದು ತೊಡಕು. ಇದಕ್ಕಾಗಿ ಡೆಬಿಯನ್ ಲಿನಕ್ಸ್‌ನವರು ಸೆಟ್ಟಿಂಗನ್ನು ಕಡತದಿಂದ ಓದುವ ಬೇರೆ ಪ್ಯಾಕೇಜನ್ನೇ ಕೊಟ್ಟಿದ್ದಾರೆ. ಹೋಮ್ ಡೈರೆಕ್ಟರಿಗಳಲ್ಲಿ ಪಿಎಚ್‌ಪಿಯನ್ನು ಮೊದಲೇ ಆಫ್ ಮಾಡಿಟ್ಟಿದ್ದೂ ಅವರ ವಿವೇಕ, ಏಕೆಂದರೆ ಅಪಾಚೆಯ ಒಳಗೇ ಓಡುವ ಪಿಎಚ್‌ಪಿ ಸುಎಕ್ಸೆಕ್ ಬಾಗಿಲನ್ನು ಹಾಯುವುದೇ ಇಲ್ಲ.

ಇನ್ನೂ ಆಳದ ಕೊರತೆ ಬ್ರೌಸರಿನದು. ಸರ್ವರ್ ಎಷ್ಟೇ ಬೇರ್ಪಡಿಸಿದರೂ ಒಂದೇ ಹೋಸ್ಟಿನ ಎಲ್ಲ ಟಿಲ್ಡೆ ವಿಳಾಸಗಳೂ ಬ್ರೌಸರಿನ ಲೆಕ್ಕದಲ್ಲಿ ಒಂದೇ ತಾಣ. ಒಬ್ಬರ ಪುಟದ ಜಾವಾಸ್ಕ್ರಿಪ್ಟ್ ಇನ್ನೊಬ್ಬರ ಪುಟವನ್ನು ನೋಡುಗರ ಲಾಗಿನ್ನಿನೊಂದಿಗೇ ತೆರೆದು ಓದಬಲ್ಲದು. ಹಾಗಾಗಿ ಲಾಗಿನ್ ಬೇಡುವ ಯಾವುದನ್ನೂ ಈ ವಿಳಾಸಗಳಲ್ಲಿ ಇಡಬಾರದು, ಅಂಥದ್ದಕ್ಕೆ ಪ್ರತಿಯೊಬ್ಬರಿಗೂ ಬೇರೆ ಸಬ್‌ಡೊಮೇನ್ ಬೇಕು. ಲ್ಯಾಬಿನ ಮಟ್ಟಿಗೆ ಕಾಲೇಜಿನ ಒಳಜಾಲದಲ್ಲೇ ಇರುವ ಒಂದು ಡೆಬಿಯನ್ ಯಂತ್ರ ಸಾಕು. ಸುಎಕ್ಸೆಕ್ ಚಾಲೂ ಇರಲಿ, ರೂಟ್ ಖಾತೆಗೆ ಯೂಸರ್‌ಡಿರ್ ಬಂದಾಗಿರಲಿ, ಸುಎಕ್ಸೆಕ್ ಲಾಗಿನಲ್ಲಿ ತಮಗೆ ಸೇರಿದ ಸಾಲುಗಳನ್ನು ವಿದ್ಯಾರ್ಥಿಗಳೇ ಓದಿಕೊಳ್ಳುವ ವ್ಯವಸ್ಥೆಯನ್ನು ಮೇಷ್ಟ್ರು ಮಾಡಿಕೊಡಲಿ.