ದಾಸರ ಹಾಡುಗಳಲ್ಲಿ ಮಾನವಸಂಬಂಧ

ದಾಸರ ಹಾಡುಗಳಲ್ಲಿ ಮನುಷ್ಯರಿಗೆ ಎಡೆಯಿಲ್ಲ. ಸತಿಸುತರ ನಂಟು ನಿಲ್ಲತಕ್ಕುದಲ್ಲವೆಂದು ಜೀವನು ಹರಿಯೊಬ್ಬನನ್ನೇ ಅರಸುವನು ಎಂಬ ಅಭಿಪ್ರಾಯವು ನಮ್ಮಲ್ಲಿ ರೂಢವಾಗಿದೆ. ವೈರಾಗ್ಯಪರವಾದ ಪದಗಳನ್ನು ಮಾತ್ರ ಪಾಠಕ್ಕೆ ಆರಿಸಿಕೊಂಡಲ್ಲಿ ಹೀಗೆ ತೋರುವುದು ಸಹಜವೇ. ಆದರೆ ರಾಯಚೂರು ಸೀಮೆಯ ಮೂವರು ದಾಸರನ್ನು, ಎಂದರೆ ಚೀಕಲಪರವಿಯ ವಿಜಯದಾಸರು (1682–1755), ದೇವದುರ್ಗದ ಕಡೆಯ ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿಯಲ್ಲಿ ನೆಲಸಿದ ಜಗನ್ನಾಥದಾಸರು (1728–1809) ಇವರನ್ನು ಒಟ್ಟಿಗೆ ಓದಿದವರಿಗೆ ಈ ಮಾತು ಅರ್ಧಸತ್ಯವೆಂದು ತಿಳಿಯದಿರದು.

ಮೊದಲು ಅಂಕಿತವನ್ನು ನೋಡೋಣ. ಅಂಕಿತವು ದೇವರ ಹೆಸರು. ಆದರೆ ಅದು ಬರುವುದು ಮನುಷ್ಯನ ಕೈಯಿಂದ. 1564ರಲ್ಲಿ ತೀರಿಕೊಂಡ ಪುರಂದರದಾಸರು ಕನಸಿನಲ್ಲಿ ಬಂದು ವಿಜಯದಾಸರಿಗೆ ಅಂಕಿತವಿತ್ತರೆಂದು ಸಂಪ್ರದಾಯವು ಹೇಳುತ್ತದೆ. ನೂರು ವರ್ಷಕ್ಕೂ ಮಿಗಿಲಾದ ಅಂತರವನ್ನು ದಾಟಿ ಒಬ್ಬ ಹಾಡುಗಾರನು ಇನ್ನೊಬ್ಬನನ್ನು ತನ್ನವನನ್ನಾಗಿ ಮಾಡಿಕೊಂಡನೆಂಬುದೇ ಈ ಐತಿಹ್ಯದ ತಿರುಳು. ಗೋಪಾಲದಾಸರ ತಮ್ಮಂದಿರ ಅಂಕಿತಗಳು ಗುರುಗೋಪಾಲವಿಠಲ, ವರದಗೋಪಾಲವಿಠಲ, ತಂದೆಗೋಪಾಲವಿಠಲ ಎಂದಿವೆ. ಇಲ್ಲಿ ಒಡಹುಟ್ಟಿನ ನಂಟು ಕಳಚಿಹೋಗಿಲ್ಲ. ಅಣ್ಣನ ಹೆಸರೂ ದೇವರ ಹೆಸರೂ ಒಂದಾದಲ್ಲಿ ಅದು ಮತ್ತೊಮ್ಮೆ ಬಿಗಿದುಕೊಂಡಿದೆ.

ಇದಕ್ಕಿಂತ ಬಲವಾದ ಸಾಕ್ಷಿ ಗೋಪಾಲದಾಸರ ಧನ್ವಂತರಿ ಪ್ರಾರ್ಥನೆಯ ಪದ. ವಿಜಯದಾಸರನ್ನು ಕಡೆಗಣಿಸಿ ರೋಗಕ್ಕೀಡಾದ ಪಂಡಿತ ಶ್ರೀನಿವಾಸಾಚಾರ್ಯರಿಗಾಗಿ ಇದು ಹುಟ್ಟಿತೆಂದೂ, ಗೋಪಾಲದಾಸರು ತಮ್ಮ ಆಯುಷ್ಯದ 40 ವರ್ಷಗಳನ್ನು ಜೋಳದ ಭಕ್ಕರಿಯೊಡನೆ ಅವರಿಗೆ ಧಾರೆಯೆರೆದರೆಂದೂ ಪ್ರತೀತಿ. ಆ ಪಂಡಿತರೇ ಮುಂದೆ ಜಗನ್ನಾಥದಾಸರಾಗಿ ಹರಿಕಥಾಮೃತಸಾರವನ್ನು ರಚಿಸಿದರು. ಐತಿಹ್ಯವನ್ನು ಚರಿತ್ರೆಯೆಂದು ಎಣಿಸಬೇಕಾಗಿಲ್ಲ. ಪದವನ್ನೇ ನೋಡಿದರೆ ಸಾಕು. ಹಾಡುವವನು ತನಗಾಗಿ ಏನನ್ನೂ ಬೇಡುವುದಿಲ್ಲ. ರೋಗಿಯು ಇನ್ನೂ ಎಳೆಯನೆಂದು ಹೇಳಿ, ಹಿರಿಯನೊಬ್ಬನು ಮನೆಯ ಮಗುವಿಗಾಗಿ ವೈದ್ಯನ ಮುಂದೆ ನಿಂತಂತೆ ನಿಲ್ಲುತ್ತಾನೆ.

ಆರೋಗ್ಯವನ್ನು ಅಲ್ಲಿ ಬೇಡಿರುವುದು ಭೋಗಕ್ಕಲ್ಲ, ಹರಿಸೇವೆಗೆ. ಆದಕಾರಣ ಮನುಷ್ಯನು ಅಲ್ಲಿ ನೆಪಮಾತ್ರನೆಂದು ಆಕ್ಷೇಪಿಸಬಹುದು. ಸೇವೆಯೇ ಗುರಿಯೆಂಬುದು ದಿಟ. ಆದರೆ ಸೇವೆ ಮಾಡುವವರು ಬೇರೆ ಬೇಕಾದಷ್ಟು ಮಂದಿ ಇದ್ದರೂ ಈ ಒಬ್ಬನೇ ಉಳಿಯಬೇಕೆಂಬ ಕಳವಳವನ್ನು ಸಿದ್ಧಾಂತವು ವಿವರಿಸಲಾರದು. ಅದು ಅಕ್ಕರೆಯ ಮಾತು.

ಈ ಬಳಗವು ಎಲ್ಲರಿಗೂ ತೆರೆದಿತ್ತೆಂದು ಹೇಳಲಾಗದು; ಮತಜಾತಿಗಳ ಎಲ್ಲೆ ಅದಕ್ಕಿತ್ತು. ಹೆಳವನಕಟ್ಟೆ ಗಿರಿಯಮ್ಮನಂಥ ಹೆಣ್ಣುಮಗಳಿಗೆ ಗೋಪಾಲದಾಸರು ಅಂಕಿತವಿತ್ತರೆಂಬ ಸಂಪ್ರದಾಯವನ್ನು ನಂಬುವುದಾದರೆ, ಎಲ್ಲೆಯು ಒಂದೆಡೆಯಾದರೂ ಸಡಿಲಿತೆನ್ನಬೇಕು. ಎಲ್ಲೆಯನ್ನು ಮರೆಮಾಡಿ ಹೊಗಳುವುದು ವಿಮರ್ಶೆಯಲ್ಲ. ಎಲ್ಲೆಯಿದೆಯೆಂದು ಒಳಗಿನ ಬೆಳಕನ್ನು ಕಾಣದಿರುವುದೂ ವಿಮರ್ಶೆಯಲ್ಲ.

ದಾಸರು ತೊರೆದದ್ದು ನನ್ನದೆಂಬ ಹಕ್ಕಿನ ನಂಟನ್ನು. ಗಳಿಸಿದ್ದು ನಿನಗಾಗಿಯೆಂಬ ನಂಟನ್ನು. ಉಪಾಧ್ಯಾಯರು ವೈರಾಗ್ಯದ ಪದವೊಂದನ್ನು ಹೇಳಿಕೊಟ್ಟ ದಿನವೇ ಧನ್ವಂತರಿಯ ಪದವನ್ನೂ ಓದಿಸಿದರೆ ಈ ಎರಡರ ಭೇದವು ವಿದ್ಯಾರ್ಥಿಗಳಿಗೆ ತಾನಾಗಿಯೇ ಹೊಳೆಯುವುದು.