ಕಾಯಕದ ಮಿತಿಯೂ ಕೂಲಿಯ ಮಿತಿಯೂ

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಾಯಕತತ್ತ್ವವನ್ನು ಶ್ರಮ ಮತ್ತು ಬಂಡವಾಳಗಳ ಸಂಬಂಧಕ್ಕೆ ಅಳತೆಗೋಲಾಗಿ ಹಿಡಿಯುವ ವಿಮರ್ಶೆಯು ಒಂದು ಭೇದವನ್ನು ಮರೆಯುತ್ತದೆ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚಾಗಿ ತಂದಾಗ, ಮಿಕ್ಕುದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನು ವಿಧಿಸಿದಳೆಂಬ ಐತಿಹ್ಯವು ಸುಪ್ರಸಿದ್ಧವಾದುದು. ಇಲ್ಲಿ 'ಇಷ್ಟೇ ಸಾಕು' ಎಂಬ ಮಾತು ದುಡಿದವರ ಬಾಯಿಂದ ಹೊರಟಿದೆ. ಕೊಡುವವನು ಆಡಿದ್ದರೆ ಅದೇ ಮಾತು ಬೇರೆ ಅರ್ಥವನ್ನು ತಾಳುತ್ತಿದ್ದಿತು.

ಇದು ಬರಿಯ ತರ್ಕವಲ್ಲವೆಂಬುದಕ್ಕೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯು ಸಾಕ್ಷಿಯಾಗಿದೆ. 2021ರಿಂದ ವಿಜಯನಗರ ಜಿಲ್ಲೆಗೆ ಸೇರಿರುವ ಈ ಸೀಮೆಯು ಹಿಂದೆ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿದ್ದಿತು. 1876–78ರ ಮಹಾಕ್ಷಾಮವು ಅತ್ಯುಗ್ರವಾಗಿ ಬಾಧಿಸಿದ ಜಿಲ್ಲೆಗಳಲ್ಲಿ ಅದೂ ಒಂದು. ಬೆಳೆ ಕಳೆದುಕೊಂಡ ರೈತನೂ ಭೂಮಿಯಿಲ್ಲದ ಕೂಲಿಯವನೂ ಪರಿಹಾರದ ಕಾಮಗಾರಿಗಳಲ್ಲಿ ಒಂದೇ ಸಾಲಿಗೆ ಬಂದರು. ಧಾನ್ಯವೇ ಬಂಡವಾಳವಾಗಿದ್ದ ಆ ಕಾಲದಲ್ಲಿ ವ್ಯಾಪಾರಕ್ಕೆ ಕೈಹಾಕಲಾಗದೆಂಬುದು ಲಾರ್ಡ್ ಲಿಟ್ಟನ್ನನ ಸರಕಾರದ ನೀತಿ. ಕೂಲಿಗೆ ಕೈಹಾಕಲು ಮಾತ್ರ ಅಡ್ಡಿಯಿರಲಿಲ್ಲ. 1877ರ ಆದಿಯಲ್ಲಿ ಸರ್ ರಿಚರ್ಡ್ ಟೆಂಪಲ್ಲನು ಗಂಡಾಳಿನ ದಿನಗೂಲಿಯನ್ನು 1 ಪೌಂಡು ಧಾನ್ಯ ಹಾಗೂ ಅಲ್ಪ ಕಾಸಿಗೆ ಇಳಿಸಿದನು. ಮದರಾಸಿನ ಆರೋಗ್ಯ ಕಮಿಷನರನಾದ ಡಾಕ್ಟರ್ ಕಾರ್ನಿಷನು, ಇದರಿಂದ ದುಡಿಯುವ ದೇಹವು ನಿಲ್ಲಲಾರದೆಂದು ವಾದಿಸಿದನು. ಆ ವರ್ಷವೇ ಕೂಲಿಯನ್ನು ಏರಿಸಬೇಕಾಯಿತು.

ಉಜ್ಜಿನಿ, ಕೊಟ್ಟೂರುಗಳಂತಹ ವೀರಶೈವ ಕ್ಷೇತ್ರಗಳುಳ್ಳ ನಾಡಿನಲ್ಲಿ ಕೂಲಿಯವರ ಸಹನೆಯನ್ನು ಕಾಯಕನಿಷ್ಠೆಯ ಫಲವೆಂದು ಹೇಳಿಬಿಡುವುದು ಸುಲಭ. ಆದರೆ ಅದು ಸಾಧುವಾದ ನಿರ್ಣಯವಲ್ಲ. ಲಕ್ಕಮ್ಮನ ಅಳತೆಯು ಆಕೆಯದೇ. ಟೆಂಪಲ್ಲನ ಅಳತೆಯಾದರೋ ಉಣ್ಣುವವನನ್ನು ಕೇಳದೆ ಗೊತ್ತುಮಾಡಿದ್ದು. ಆಕೆಗೆ ನಿಜವಾಗಿ ಸಮೀಪರಾದವರನ್ನು ಬೊಂಬಾಯಿ ಪ್ರಾಂತದಲ್ಲಿ ಕಾಣಬಹುದು: ಅಲ್ಲಿ ಸಹಸ್ರಾರು ಜನರು ಇಳಿದ ಕೂಲಿಯನ್ನೊಪ್ಪದೆ ಕಾಮಗಾರಿಯನ್ನೇ ತೊರೆದು ನಡೆದರು. ಹಸಿದವರು ಹೂಡಿದ ಮುಷ್ಕರವಿದು! ಲಕ್ಕಮ್ಮನು ಹೆಚ್ಚನ್ನು ಒಲ್ಲೆನೆಂದಳು, ಇವರು ಕಡಿಮೆಯನ್ನು ಒಲ್ಲೆವೆಂದರು; ಎರಡೆಡೆಯಲ್ಲಿಯೂ ಮಾತು ದುಡಿಯುವವರದು.

ಸಾಮ್ಯವನ್ನು ಇದಕ್ಕಿಂತ ಮುಂದಕ್ಕೆ ಎಳೆಯಲಾಗದು. ಮಹಾಮನೆಯ ಅಂಗಳದಲ್ಲಿ ಕೂಲಿಯನ್ನು ಗೊತ್ತುಮಾಡುವ ಒಡೆಯನಿಲ್ಲ. ಕೆಲಸ ಬಿಟ್ಟರೆ ಆ ಸಂಜೆ ಒಲೆ ಹೊತ್ತಲಾರದೆಂಬ ಭೀತಿಯೂ ಅಲ್ಲಿಲ್ಲ.