ವಾಲಿದ್ದೆಲ್ಲ ಇಟಾಲಿಕ್ ಅಲ್ಲ

ಪುಸ್ತಕದ ಹೆಸರು ಬಂದರೆ ಇಟಾಲಿಕ್, ಪರಭಾಷೆಯ ಪದ ಬಂದರೆ ಇಟಾಲಿಕ್, ಒತ್ತಿ ಹೇಳಬೇಕಾದರೂ ಇಟಾಲಿಕ್. ಇಂಗ್ಲಿಷ್ ಮುದ್ರಣದ ಈ ಶಿಸ್ತಿಗೆ ನಾವು ಎಷ್ಟು ಒಗ್ಗಿಹೋಗಿದ್ದೇವೆಂದರೆ, ನೆಟ್ಟಗಿನ ಅಕ್ಷರವನ್ನು ಬಲಕ್ಕೆ ವಾಲಿಸಿದರೆ ಇಟಾಲಿಕ್ ಆಯಿತೆಂದೇ ತಿಳಿದಿದ್ದೇವೆ. ಅದರ ಚರಿತ್ರೆ ಹೇಳುವುದೇ ಬೇರೆ.

1501ರಲ್ಲಿ ವೆನಿಸ್ಸಿನ ಮುದ್ರಕ ಆಲ್ಡಸ್ ಮನುಟಿಯಸ್, ರೋಮನ್ ಕವಿ ವರ್ಜಿಲನ ಕೃತಿಗಳನ್ನು ಕೈಯಲ್ಲಿ ಹಿಡಿದು ಓದುವಂಥ ಚಿಕ್ಕ ಆಕಾರದಲ್ಲಿ ಅಚ್ಚು ಹಾಕಿದ. ಅದಕ್ಕಾಗಿ ಫ್ರಾನ್ಸೆಸ್ಕೊ ಗ್ರಿಫೊ ರೂಪಿಸಿದ ಅಚ್ಚುಮೊಳೆಗಳು ಆ ಕಾಲದ ವಿದ್ವಾಂಸರ ಕೂಡುಬರಹವನ್ನು ಅನುಸರಿಸಿದ್ದವು. ಇಡೀ ಕಾವ್ಯವೇ ಇಟಾಲಿಕ್‌ನಲ್ಲಿತ್ತು. ಒತ್ತು ಕೊಡುವ ಮಾತೇ ಇರಲಿಲ್ಲ. ದೊಡ್ಡಕ್ಷರಗಳಂತೂ ನೆಟ್ಟಗೇ ನಿಂತಿದ್ದವು. ಇಟಾಲಿಕ್‌ನ ಜೀವವಿದ್ದದ್ದು ಬರೆಯುವ ಕೈಯ ಓಟದಲ್ಲಿ. ರೋಮನ್ ಅಕ್ಷರದ ಪಕ್ಕದಲ್ಲಿ ಸಹಾಯಕನಾಗಿ ನಿಲ್ಲುವ ಕೆಲಸ ಅದಕ್ಕೆ ಬಂದದ್ದು ಆಮೇಲೆ.

ಸಹಾಯಕನಾದ ಮೇಲೆ ಕೈಬರಹದ ನೆನಪೇಕೆ, ರೋಮನ್ ಅಕ್ಷರವನ್ನೇ ವಾಲಿಸಿದರೆ ಸಾಕಲ್ಲ ಎಂದು ಬ್ರಿಟಿಷ್ ಮುದ್ರಣತಜ್ಞ ಸ್ಟ್ಯಾನ್ಲಿ ಮಾರಿಸನ್ 1926ರಲ್ಲಿ ವಾದಿಸಿದರು. ತರ್ಕಕ್ಕೆ ಒಪ್ಪುವ ವಾದ. ಆದರೆ ಅವರದೇ ಮೇಲ್ವಿಚಾರಣೆಯಲ್ಲಿ ಸಿದ್ಧವಾಗಿ 1932ರಲ್ಲಿ ಲಂಡನ್ನಿನ 'ದಿ ಟೈಮ್ಸ್' ಪತ್ರಿಕೆಗೆ ಬಂದ ಟೈಮ್ಸ್ ನ್ಯೂ ರೋಮನ್ ಆ ವಾದಕ್ಕೆ ಮಣಿಯಲಿಲ್ಲ. ಅದರ ಸಣ್ಣ 'ಎ' ನೋಡಿ. ನೆಟ್ಟಗಿನ ರೂಪದಲ್ಲಿ ಹೊಟ್ಟೆಯ ಮೇಲೊಂದು ಕೊಕ್ಕೆಯಿದೆ. ಇಟಾಲಿಕ್‌ನಲ್ಲಿ ಕೊಕ್ಕೆ ಮಾಯವಾಗಿ ಕೈಯಲ್ಲಿ ಬರೆದಂಥ ಸುತ್ತಷ್ಟೇ ಉಳಿದಿದೆ. ಗೀಟಿನ ತುದಿಯ ಚಾಚು, ಅಂದರೆ ಸೆರಿಫ್, ಚಪ್ಪಟೆಯಾಗಿ ಕೂರದೆ ಮುಂದಿನ ಅಕ್ಷರದ ಕಡೆಗೆ ಬಾಗುತ್ತದೆ. ಸಾಲಿನ ನಡಿಗೆ ಕೆಡದೆ ದನಿ ಮಾತ್ರ ಬದಲಾಗುವುದು ಇದರಿಂದಲೇ.

ಕನ್ನಡ ಪಠ್ಯಕ್ಕೆ ಕಂಪ್ಯೂಟರಿನ ಇಟಾಲಿಕ್ ಗುಂಡಿ ಒತ್ತಿದರೆ ಸಾಮಾನ್ಯವಾಗಿ ಸಿಗುವುದು ಬರೀ ವಾಲಿಕೆ. ದುಂಡಗಿನ ಅಕ್ಷರಗಳು ಹಿಚುಕಿದಂತಾಗುತ್ತವೆ. ತಲೆಕಟ್ಟು ಬಲಕ್ಕೆ, ಒತ್ತಕ್ಷರ ಎಡಕ್ಕೆ ಸರಿಯುತ್ತದೆ. ಇದರ ಹಿಂದೆ ಯಾರ ಕೈಬರಹವೂ ಇಲ್ಲ.

ಇನ್ನು ಒತ್ತಿನ ವಿಚಾರ. ಇಂಗ್ಲಿಷಿನ 'ಹೀ ಕೇಮ್' ಎಂಬಲ್ಲಿ 'ಹೀ' ಇಟಾಲಿಕ್ ಆದರೆ ಸಿಗುವ ಅರ್ಥವನ್ನು ಕನ್ನಡ 'ಅವನೇ ಬಂದ' ಎಂದು ಒಂದು ಏಕಾರದಲ್ಲಿ ಮುಗಿಸುತ್ತದೆ. 'ಅವನೂ ಬಂದ', 'ಅವನಂತೂ ಬಂದ' ಎಂದು ಒತ್ತಿನ ಬಣ್ಣವನ್ನೂ ಬದಲಿಸಬಲ್ಲದು. ಅಷ್ಟು ನವಿರು ಇಟಾಲಿಕ್‌ಗೆ ಸಾಧ್ಯವಿಲ್ಲ. ಹೀಗಿರುವಾಗ ಮೂಲದಲ್ಲಿ ಇಟಾಲಿಕ್ ಕಂಡಲ್ಲೆಲ್ಲ ಕನ್ನಡವನ್ನೂ ವಾಲಿಸುವ ಅನುವಾದ, ಅಚ್ಚನ್ನು ನಕಲು ಮಾಡಿ ಮಾತನ್ನು ಕೈಬಿಡುತ್ತದೆ. ಅಲ್ಲಿ ಅನುವಾದಕರು ಹುಡುಕಬೇಕಾದದ್ದು ಸರಿಯಾದ ಪ್ರತ್ಯಯವನ್ನು.

ಕನ್ನಡಕ್ಕೆ ಇಟಾಲಿಕ್ ಬೇಡವೆಂದು ಇದರರ್ಥವಲ್ಲ. ನಮ್ಮಲ್ಲೂ ಹಳೆಯ ಕಡತಗಳ ಮೋಡಿ ಬರಹವಿದೆ. ಲೇಖಣಿ ಎತ್ತದೆ ಓಡಿದ ಕೈಯ ಗುರುತು ಅಲ್ಲಿದೆ. ಗ್ರಿಫೊ ತನ್ನ ಕಾಲದ ಕೈಬರಹವನ್ನು ನೋಡಿದಂತೆ ನಾವು ಅದನ್ನು ನೋಡಿದರೆ, ಕನ್ನಡದ ಇಟಾಲಿಕ್ ವಾಲದೆಯೂ ಹುಟ್ಟಬಹುದು.